ಸೊಂಟದ ಕೆಳಗಿನ ಬ್ಲಾಕ್ ಯಾವಾಗ ಸರಿ, ಯಾವಾಗ ತಪ್ಪು: ಅಮೆರಿಕದ ಹೈಸ್ಕೂಲ್ ಫುಟ್‌ಬಾಲ್ ಆಡುವವರಿಗೆ, ಆಡಿಸುವವರಿಗೆ

ಭಾನುವಾರ ಟೀವಿಯಲ್ಲಿ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಆಟಗಾರ ಮಾಡುವ ಬ್ಲಾಕ್, ಶನಿವಾರ ಕಾಲೇಜು ಆಟಗಾರ ಮಾಡುವ ಬ್ಲಾಕ್, ಶುಕ್ರವಾರ ರಾತ್ರಿ ಹೈಸ್ಕೂಲ್ ಹುಡುಗ ಮಾಡುವ ಬ್ಲಾಕ್, ಮೂರೂ ನೋಡುವುದಕ್ಕೆ ಒಂದೇ ಥರ ಕಾಣುತ್ತವೆ. ಆದರೆ ಮೂರಕ್ಕೂ ನಿಯಮದ ಪುಸ್ತಕ ಬೇರೆ ಬೇರೆ. ಹೈಸ್ಕೂಲ್ ಹುಡುಗರಿಗೆ ಬೀಳುವ ಬ್ಲಾಕಿಂಗ್ ದಂಡಗಳಲ್ಲಿ ಅನೇಕವು ಟೀವಿ ನೋಡಿ ಕಲಿತದ್ದರಿಂದ ಬಂದವು. ಅಮೆರಿಕದಲ್ಲಿ ಮಕ್ಕಳನ್ನು ಈ ಆಟಕ್ಕೆ ಸೇರಿಸಿರುವ ಕನ್ನಡದ ಅಪ್ಪ ಅಮ್ಮಂದಿರಿಗೆ ಇನ್ನೊಂದು ಗೊಂದಲವೂ ಇರುತ್ತದೆ. ಕಬಡ್ಡಿಯಲ್ಲಿ ರೇಡರ್‌ನ ಕಾಲು ಹಿಡಿದರೆ ಚಪ್ಪಾಳೆ ಬೀಳುತ್ತದೆ, ಇಲ್ಲಿ ಕಾಲಿಗೆ ಬಿದ್ದರೆ ದಂಡದ ಹಳದಿ ಬಟ್ಟೆ ಹಾರುತ್ತದಲ್ಲ ಎಂದು. ಮೊದಲು ಅದನ್ನೇ ಬಿಡಿಸಿಕೊಳ್ಳೋಣ.

ಕಬಡ್ಡಿಯ ಆಂಕಲ್ ಹೋಲ್ಡ್‌ಗೆ ಇಲ್ಲಿ ಸಮನಾದದ್ದು ಟ್ಯಾಕಲ್. ಚೆಂಡು ಹಿಡಿದು ಓಡುವವನನ್ನು ಹಿಡಿಯಬಹುದು, ಕೆಡವಬಹುದು, ಕಾಲಿಗೂ ಬೀಳಬಹುದು. ಬ್ಲಾಕ್ ಬೇರೆ. ಚೆಂಡು ಇಲ್ಲದ ಎದುರಾಳಿಗೆ ಮೈಯಿಂದ ಅಡ್ಡಬಂದು, ಅವನು ಓಟಗಾರನ ಹತ್ತಿರ ಹೋಗದಂತೆ ತಡೆಯುವುದು ಬ್ಲಾಕ್. ಕಬಡ್ಡಿಯಲ್ಲೂ ಬ್ಲಾಕ್ ಎಂಬ ಮಾತಿದೆ, ಆದರೆ ಅದು ರೇಡರ್‌ಗೇ ಒಡ್ಡುವ ತಡೆ. ಕೆಳಗೆ ಹೇಳುವ ನಿರ್ಬಂಧಗಳು ಓಟಗಾರನಲ್ಲದವನ ಮೇಲೆ ಮಾಡುವ ಬ್ಲಾಕ್‌ಗೆ ಮಾತ್ರ ಅನ್ವಯಿಸುತ್ತವೆ.

ಮೊದಲ ಹೆಜ್ಜೆ: ನಿಮ್ಮ ರಾಜ್ಯದಲ್ಲಿ ಯಾವ ಪುಸ್ತಕ

ಹೆಚ್ಚುಕಡಿಮೆ ಎಲ್ಲ ರಾಜ್ಯಗಳ ಹೈಸ್ಕೂಲ್ ಫುಟ್‌ಬಾಲ್ ಎನ್‌ಎಫ್‌ಎಚ್‌ಎಸ್ (ರಾಜ್ಯಗಳ ಹೈಸ್ಕೂಲ್ ಸಂಘಗಳ ರಾಷ್ಟ್ರೀಯ ಒಕ್ಕೂಟ) ನಿಯಮದಂತೆ ನಡೆಯುತ್ತದೆ. ದೊಡ್ಡ ಅಪವಾದ ಟೆಕ್ಸಸ್. ಅಲ್ಲಿ ಕಾಲೇಜಿನ ಎನ್‌ಸಿಎಎ ನಿಯಮವನ್ನೇ ಕೊಂಚ ತಿದ್ದಿ ಬಳಸುತ್ತಾರೆ. ಡಲ್ಲಾಸ್ ಅಥವಾ ಹ್ಯೂಸ್ಟನ್ ಕಡೆ ಇರುವವರು ಈ ಲೇಖನದ ಅಳತೆಗಳನ್ನು ಹಾಗೆಯೇ ತೆಗೆದುಕೊಳ್ಳಬಾರದು. ಇಲ್ಲಿರುವುದು ಎನ್‌ಎಫ್‌ಎಚ್‌ಎಸ್ ಪುಸ್ತಕದ ಲೆಕ್ಕ. ಪ್ರತಿ ವರ್ಷ ಹೊಸ ಪುಸ್ತಕ ಬರುತ್ತದೆ, ಬ್ಲಾಕಿಂಗ್ ಭಾಗ ಆಗಾಗ ಬದಲಾಗುತ್ತದೆ. ಐದು ವರ್ಷದ ಹಿಂದೆ ಅಣ್ಣ ಆಡಿದ ನಿಯಮವನ್ನು ತಮ್ಮನಿಗೆ ಹೇಳಿಕೊಡುವುದು ಅಪಾಯ.

ಎರಡನೆಯದು: ಆಯತವನ್ನು ನೆಲದ ಮೇಲೆ ಎಳೆಯಿರಿ

ಎಲ್ಲಕ್ಕೂ ತಳಪಾಯ ಫ್ರೀ ಬ್ಲಾಕಿಂಗ್ ಝೋನ್, ಅಂದರೆ ಕೆಲವು ಬ್ಲಾಕ್‌ಗಳಿಗೆ ವಿನಾಯಿತಿ ಸಿಗುವ, ಚೆಂಡಿನ ಸುತ್ತಲಿನ ಆಯತ. ಚೆಂಡಿನಿಂದ ಎಡಕ್ಕೆ 4 ಯಾರ್ಡ್, ಬಲಕ್ಕೆ 4 ಯಾರ್ಡ್. ಆಕ್ರಮಣ ತಂಡದ ಗೆರೆಯಿಂದ (ಚೆಂಡಿನ ತಮ್ಮ ಕಡೆಯ ತುದಿಯಿಂದ ಅಡ್ಡಕ್ಕೆ ಎಳೆದುಕೊಳ್ಳುವ ಕಾಲ್ಪನಿಕ ಗೆರೆ) ಹಿಂದಕ್ಕೆ 3 ಯಾರ್ಡ್, ರಕ್ಷಣಾ ತಂಡದ ಗೆರೆಯಿಂದ ಅವರ ಹಿಂದಕ್ಕೆ 3 ಯಾರ್ಡ್. ಒಂದು ಯಾರ್ಡ್ ಎಂದರೆ 3 ಅಡಿ, ನಮ್ಮ ಬಟ್ಟೆಯಂಗಡಿಯ ಗಜ. ಎರಡು ಗೆರೆಗಳ ನಡುವೆ ಚೆಂಡಿನ ಉದ್ದ, ಸುಮಾರು 11 ಇಂಚು, ಇರುತ್ತದೆ. ಹಾಗಾಗಿ ಆಯತ 24 ಅಡಿ ಅಗಲ, ಸುಮಾರು 19 ಅಡಿ ಉದ್ದ.

ಬಾಯಲ್ಲಿ ಹೇಳಿದರೆ ಹುಡುಗರಿಗೆ ಇದು ತಲೆಗೆ ಹೋಗುವುದಿಲ್ಲ. 90 ಅಡಿ ಹಗ್ಗ ತನ್ನಿ, ಸುತ್ತಳತೆಗೆ 86 ಅಡಿ ಬೇಕು. ನಡುವೆ ಚೆಂಡಿಟ್ಟು, ನಾಲ್ಕು ಮೂಲೆಗೆ ಚಪ್ಪಟೆ ಕೋನ್ ಇಟ್ಟು, ಹಗ್ಗ ಹಾಸಿ. ಗೆರೆಯ ಮೇಲೆ ಸಾಲಾಗಿ ನಿಲ್ಲುವ ಲೈನ್‌ಮನ್‌ಗಳನ್ನು ಆಟದಲ್ಲಿ ನಿಲ್ಲುವಷ್ಟೇ ಅಂತರದಲ್ಲಿ ನಿಲ್ಲಿಸಿ: ನಡುವೆ ಸೆಂಟರ್, ಅವನ ಎರಡೂ ಪಕ್ಕ ಗಾರ್ಡ್, ಅವರಾಚೆ ಟ್ಯಾಕಲ್ (ಇದು ಆಟಗಾರನ ಹೆಸರು, ಕೆಡವುವ ಟ್ಯಾಕಲ್ ಅಲ್ಲ), ತುದಿಗೆ ಟೈಟ್ ಎಂಡ್. ಇಬ್ಬರ ಪಾದಗಳ ನಡುವೆ 2 ಅಡಿ ಬಿಟ್ಟು ನಿಂತರೆ ಗಾರ್ಡ್‌ಗಳು, ಟ್ಯಾಕಲ್‌ಗಳು ಆರಾಮವಾಗಿ ಒಳಗಿರುತ್ತಾರೆ. ಟೈಟ್ ಎಂಡ್ ಹಗ್ಗದ ಮೇಲೇ ಬರುತ್ತಾನೆ. ಸ್ನ್ಯಾಪ್ ವೇಳೆ, ಅಂದರೆ ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುಮಾಡುವಾಗ, ದೇಹದ ಯಾವ ಭಾಗ ಒಳಗಿದ್ದರೂ ಅವನು ಒಳಗಿದ್ದಂತೆಯೇ ಲೆಕ್ಕ. ಅಂತರವನ್ನು 3 ಅಡಿಗಿಂತ ಹೆಚ್ಚಿಸುವ ತಂಡಗಳಲ್ಲಿ ಟ್ಯಾಕಲ್ ಕೂಡ ಅಂಚಿಗೆ ಜಾರುತ್ತಾನೆ, ಟೈಟ್ ಎಂಡ್ ಹೊರಗೇ ಉಳಿಯುತ್ತಾನೆ. ಹಗ್ಗ ಹಾಸಿದ ಮೇಲೆಯೇ ತರಬೇತುದಾರರಿಗೂ ಇದು ಸ್ಪಷ್ಟವಾಗುವುದು.

ಈ ಆಯತ ಹುಟ್ಟುವುದು ಸ್ನ್ಯಾಪ್‌ನಿಂದ. ಚೆಂಡು ಅದರ ಹೊರಗೆ ಹೋದ ಕ್ಷಣವೇ ಅದು ಇಲ್ಲವಾಗುತ್ತದೆ. ಕಿಕ್‌ಆಫ್‌ನಲ್ಲಿ ಸ್ನ್ಯಾಪ್ ಇಲ್ಲ, ಆದ್ದರಿಂದ ಆಯತವೂ ಇಲ್ಲ.

ಮೂರನೆಯದು: ಸೊಂಟದ ಕೆಳಗಿನ ಬ್ಲಾಕ್

ಎದುರಿನಿಂದ ಅಥವಾ ಪಕ್ಕದಿಂದ, ಮೊದಲ ಸ್ಪರ್ಶವೇ ಸೊಂಟದ ಕೆಳಗೆ ಆದರೆ ಅದು ಸೊಂಟದ ಕೆಳಗಿನ ಬ್ಲಾಕ್. ಮೈದಾನದ ಉಳಿದೆಡೆಯೆಲ್ಲ ಇದು ತಪ್ಪು, 15 ಯಾರ್ಡ್ ದಂಡ. ಆಯತದೊಳಗೆ ಮಾತ್ರ ಅನುಮತಿ, ಅದೂ ಈ ಎಲ್ಲ ಷರತ್ತು ಒಟ್ಟಿಗೆ ಕೂಡಿದಾಗ:

- ಬ್ಲಾಕ್ ಮಾಡುವವನೂ ಮಾಡಿಸಿಕೊಳ್ಳುವವನೂ ಸ್ನ್ಯಾಪ್ ವೇಳೆ ಗೆರೆಯ ಮೇಲಿದ್ದು, ಆಯತದ ಒಳಗಿರಬೇಕು.
- ತಾಗುವುದು ಆಯತದ ಒಳಗೇ ಆಗಬೇಕು.
- ಚೆಂಡು ಇನ್ನೂ ಆಯತ ಬಿಟ್ಟಿರಬಾರದು.
- ಕೆಳಗೆ ಹೋಗುವುದು ಸ್ನ್ಯಾಪ್ ಆದ ಕೂಡಲೇ ಮಾಡುವ ಮೊದಲ ಕ್ರಿಯೆ ಆಗಿರಬೇಕು.

ಕೊನೆಯ ಷರತ್ತು 2021ರಲ್ಲಿ ಸೇರಿದ್ದು. ನಮ್ಮ ಮಟ್ಟಿಗೆ ಇತ್ತೀಚಿನ ವರ್ಷಗಳ ಅತ್ಯಂತ ಒಳ್ಳೆಯ ತಿದ್ದುಪಡಿ ಅದು. ಅದಕ್ಕೂ ಮೊದಲು ಹುಡುಗ ಎದ್ದು ನಿಂತು, ಎದುರಾಳಿಯ ಎದೆಗೆ ಕೈ ಕೊಟ್ಟು, ಅವನು ಮೇಲೆ ಗಮನ ಇಟ್ಟಿರುವಾಗ ತಟ್ಟನೆ ಕಾಲಿಗೆ ಬೀಳುತ್ತಿದ್ದ. ಆ ಹೊತ್ತಿಗೆ ಎದುರಾಳಿಯ ಭಾರವೆಲ್ಲ ಒಂದು ಕಾಲಿನ ಮೇಲೆ ಬಿದ್ದಿರುತ್ತದೆ, ಬೂಟಿನ ಕ್ಲೀಟ್ ನೆಲದಲ್ಲಿ ಕಚ್ಚಿಕೊಂಡಿರುತ್ತದೆ. ಮಂಡಿ ಮಡಚುವುದು ಒಂದೇ ದಿಕ್ಕಿಗೆ. ಪಕ್ಕದಿಂದ ಭಾರ ಬಿದ್ದರೆ ಪಾದ ಜಾರಿ ತಪ್ಪಿಸಿಕೊಳ್ಳಲಾರದು, ಒಳಗಿನ ಅಸ್ಥಿರಜ್ಜು ಹರಿಯಬಹುದು. ಸ್ನ್ಯಾಪ್ ಆದ ತಕ್ಷಣ ಇಬ್ಬರೂ ಬಗ್ಗಿ, ಎದುರುಬದುರಾಗಿ, ಹತ್ತಿರದಲ್ಲಿರುತ್ತಾರೆ. ಕೆಳಗೆ ಬರುವವನನ್ನು ರಕ್ಷಣೆಯವನು ಕಾಣುತ್ತಾನೆ, ಕೈಯಿಂದ ಒತ್ತಿ ಕಾಲು ಹಿಂದೆಳೆದುಕೊಳ್ಳಲು ಅವನಿಗೆ ಅವಕಾಶವಿದೆ.

ಷರತ್ತುಗಳನ್ನು ಒಬ್ಬೊಬ್ಬ ಆಟಗಾರನಿಗೆ ಹಚ್ಚಿ ನೋಡಿದರೆ ಹೀಗಾಗುತ್ತದೆ.

ಸೆಂಟರ್, ಗಾರ್ಡ್, ಟ್ಯಾಕಲ್ ತಮ್ಮ ಎದುರಿಗೆ ಅಥವಾ ಪಕ್ಕದ ಸಂದಿನಲ್ಲಿ ನಿಂತಿರುವ ಡಿಫೆನ್ಸಿವ್ ಲೈನ್‌ಮನ್‌ನನ್ನು ಸ್ನ್ಯಾಪ್ ಆದೊಡನೆ ಕೆಳಗಿನಿಂದ ತಡೆಯಬಹುದು. ರಕ್ಷಣೆಯವನು ತನ್ನ ಗೆರೆಯಿಂದ 1 ಯಾರ್ಡ್ ಒಳಗಿದ್ದರೆ ಗೆರೆಯ ಮೇಲಿದ್ದಂತೆ. ರಕ್ಷಣಾ ತಂಡದ ಎರಡನೆಯ ಸಾಲಿನ ಲೈನ್‌ಬ್ಯಾಕರ್ 3 ಅಥವಾ 4 ಯಾರ್ಡ್ ಹಿಂದೆ ನಿಂತಿದ್ದರೆ ಅವನ ಕಾಲಿಗೆ ಬೀಳುವಂತಿಲ್ಲ, ಅವನೇ ಓಡಿ ಬಂದು ಆಯತಕ್ಕೆ ನುಗ್ಗಿದರೂ ಇಲ್ಲ. ಆಕ್ರಮಣ ತಂಡದ ಹಿಂದಿನ ಸಾಲಿನ ಫುಲ್‌ಬ್ಯಾಕ್, ರನ್ನಿಂಗ್ ಬ್ಯಾಕ್, ವಿಂಗ್‌ಬ್ಯಾಕ್ ಯಾರೂ ಗೆರೆಯ ಮೇಲಿರುವುದಿಲ್ಲ. ಅವರು ಆಯತದ ಒಳಗೇ ನಿಂತಿದ್ದರೂ ಸೊಂಟದ ಕೆಳಗೆ ಹೋಗುವಂತಿಲ್ಲ. ಪಾಸ್ ಆಟದಲ್ಲಿ ಬ್ಲಿಟ್ಜ್ ಬರುವವನ, ಅಂದರೆ ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವವನ ಕಾಲಿಗೆ ರನ್ನಿಂಗ್ ಬ್ಯಾಕ್ ಬೀಳುವುದನ್ನು ಎನ್‌ಎಫ್‌ಎಲ್‌ನಲ್ಲಿ ನೋಡಿರುತ್ತೀರಿ. ಹೈಸ್ಕೂಲ್‌ನಲ್ಲಿ ಅದಕ್ಕೆ 15 ಯಾರ್ಡ್. ಟ್ರಿಪಲ್ ಆಪ್ಶನ್ ಎಂಬ ಓಟದ ಆಟ ಆಡುವ ತಂಡಗಳು ಕಾಲೇಜಿನ ಹಳೆಯ ವಿಡಿಯೊ ನೋಡಿ ಹೊರ ಅಂಚಿನ ರಕ್ಷಣೆಯವನಾದ ಕಾರ್ನರ್‌ಬ್ಯಾಕ್‌ನ ಕಾಲಿಗೆ ಬೀಳುವುದನ್ನು ಹುಡುಗರಿಗೆ ಕಲಿಸಿದರೆ ಪ್ರತಿ ಆಟದಲ್ಲೂ ಬಟ್ಟೆ ಬೀಳುತ್ತದೆ. 2022ರಿಂದ ಕಾಲೇಜಿನಲ್ಲೇ ಅದಕ್ಕೆ ತಡೆ ಬಂದಿದೆ.

ಪುಲ್ ಮಾಡುವ, ಅಂದರೆ ತನ್ನ ಜಾಗ ಬಿಟ್ಟು ಪಕ್ಕಕ್ಕೆ ಓಡಿ ಬ್ಲಾಕ್ ಮಾಡುವ ಗಾರ್ಡ್ ವಿಷಯದಲ್ಲಿ ಬಲ್ಲವರೂ ಎಡವುತ್ತಾರೆ. ಸ್ನ್ಯಾಪ್ ವೇಳೆ ಗಾರ್ಡ್ ಗೆರೆಯ ಮೇಲಿದ್ದ, ಆಯತದಲ್ಲಿದ್ದ. ಟ್ರ್ಯಾಪ್ ಆಟದಲ್ಲಿ ಅವನು ಸೆಂಟರ್‌ನ ಹಿಂದಿನಿಂದ ಮೂರು ಹೆಜ್ಜೆ ಓಡಿ, ಆಚೆ ಬದಿಯ ಡಿಫೆನ್ಸಿವ್ ಟ್ಯಾಕಲ್‌ನನ್ನು ಪಕ್ಕದಿಂದ ಹೊಡೆಯುತ್ತಾನೆ. ತಾಗಿದ್ದೂ ಆಯತದೊಳಗೆ, ಚೆಂಡೂ ಒಳಗೇ ಇದೆ. ಆದರೂ ಕೆಳಗೆ ಹೋದರೆ ತಪ್ಪು, ಏಕೆಂದರೆ ಅವನ ಮೊದಲ ಕ್ರಿಯೆ ಓಟವೇ ಹೊರತು ಬ್ಲಾಕ್ ಅಲ್ಲ. ಪುಲ್ ಮಾಡುವವರಿಗೆ ಒಂದೇ ಪಾಠ ಸಾಕು: ಹೆಗಲು ಎದುರಾಳಿಯ ಪಕ್ಕೆಗೆ, ತಲೆ ಮೇಲಕ್ಕೆ, ಯಾವತ್ತೂ ಸೊಂಟದಿಂದ ಮೇಲೆ.

ಚೆಂಡಿನ ಜಾಗ ಇನ್ನೊಂದು ಬಲೆ. ಕ್ವಾರ್ಟರ್‌ಬ್ಯಾಕ್ ಸೆಂಟರ್‌ನ ಬೆನ್ನಿಗೇ ನಿಂತು ಚೆಂಡು ತೆಗೆದುಕೊಂಡರೆ ಅದು ಸ್ವಲ್ಪ ಹೊತ್ತು ಆಯತದಲ್ಲಿರುತ್ತದೆ. ಶಾಟ್‌ಗನ್ ಎಂಬ ನಿಲುವಿನಲ್ಲಿ ಅವನು ಸಾಮಾನ್ಯವಾಗಿ 5 ಯಾರ್ಡ್ ಹಿಂದಿರುತ್ತಾನೆ, ಚೆಂಡು ಕಣ್ಣು ಮಿಟುಕಿಸುವಷ್ಟರಲ್ಲಿ 3 ಯಾರ್ಡ್ ದಾಟಿರುತ್ತದೆ. ಶಾಟ್‌ಗನ್ ತಂಡದ ಲೈನ್‌ಮನ್ ಕೆಳಗೆ ಹೋಗುವುದಾದರೆ ಚೆಂಡು ಅಲುಗಿದೊಡನೆ ಹೋಗಬೇಕು, ಒಂದು ಹೆಜ್ಜೆ ತಡವಾದರೂ ಹೋಗಬಾರದು. ಸಂಪೂರ್ಣ ಶಾಟ್‌ಗನ್ ಆಡುವ ತಂಡ ಕೆಳಗಿನ ಬ್ಲಾಕನ್ನು ಕೈಬಿಡುವುದೇ ಜಾಣತನ. ಸಿಗುವ ಲಾಭ ಕಡಿಮೆ, ದಂಡದ ಭಯ ಹೆಚ್ಚು. ಚೆಂಡನ್ನು ಕೈಯಿಂದ ಬಿಟ್ಟು ಒದೆಯುವ ಪಂಟ್‌ನಲ್ಲೂ ಉದ್ದದ ಸ್ನ್ಯಾಪ್ ಇರುವುದರಿಂದ ಇದೇ ಮಾತು.

ಎದೆಗೆ ಸರಿಯಾಗಿ ತಾಗಿ, ಆಮೇಲೆ ಜಾರಿ ಕಾಲಿನವರೆಗೆ ಇಳಿದರೆ ಅದು ತಪ್ಪಲ್ಲ, ಲೆಕ್ಕ ಮೊದಲ ಸ್ಪರ್ಶದ್ದು. ಎದುರಾಳಿಯ ಒಂದು ಪಾದವಾದರೂ ನೆಲದಲ್ಲಿರುವಾಗ ಮಾತ್ರ ಇದು ಸೊಂಟದ ಕೆಳಗಿನ ಬ್ಲಾಕ್ ಎನಿಸುವುದು. ಅವನು ಬ್ಲಾಕರ್‌ನ ಮೇಲೆ ಹಾರಿ ದಾಟಲು ನೋಡಿ ಗಾಳಿಯಲ್ಲಿ ಕಾಲು ತಾಗಿಸಿಕೊಂಡರೆ ಬ್ಲಾಕರ್‌ನ ಮೇಲೆ ದಂಡವಿಲ್ಲ.

ಅಭ್ಯಾಸದಲ್ಲಿ ಇದನ್ನು ಕಲಿಸುವಾಗ ಸ್ವಂತ ತಂಡದ ಹುಡುಗರ ಕಾಲಿಗೆ ಬೀಳಿಸಬೇಡಿ. ನಿಲ್ಲಿಸಿದ ಬ್ಲಾಕಿಂಗ್ ಡಮ್ಮಿ ಇದಕ್ಕೆ ಸಾಕು. ಮೊದಲ ಹೆಜ್ಜೆ ಆಟ ಸಾಗುವ ಕಡೆಗೆ, ಗುರಿ ಎದುರಾಳಿಯ ದೂರದ ತೊಡೆ, ಕಣ್ಣು ಮೇಲೆ. ಮಂಡಿಗೆ ಗುರಿ ಇಟ್ಟವನು ತಪ್ಪಿದಾಗ ನೆಲಕ್ಕೆ ಬೀಳುತ್ತಾನೆ, ಬ್ಲಾಕೂ ಇಲ್ಲ. ತೊಡೆಗೆ ಇಟ್ಟವನು ತಪ್ಪಿದರೂ ಅಡ್ಡವಾಗಿರುತ್ತಾನೆ.

ನಾಲ್ಕನೆಯದು: ಇಬ್ಬರು ಸೇರಿ ಒಬ್ಬನ ಮೇಲೆ

ಒಬ್ಬ ಸೊಂಟದಿಂದ ಮೇಲೆ, ಇನ್ನೊಬ್ಬ ಸೊಂಟದ ಕೆಳಗೆ, ಇಬ್ಬರೂ ಒಬ್ಬನೇ ಎದುರಾಳಿಯ ಮೇಲೆ ಬಿದ್ದರೆ ಅದು ಚಾಪ್ ಬ್ಲಾಕ್. ಒಟ್ಟಿಗೇ ಬಿದ್ದರೂ ಒಬ್ಬರ ನಂತರ ಒಬ್ಬರು ಬಿದ್ದರೂ 15 ಯಾರ್ಡ್. ಆಯತದೊಳಗೂ ವಿನಾಯಿತಿ ಇಲ್ಲ. ಮೇಲಿನವನು ಎದುರಾಳಿಯ ದೇಹವನ್ನು ನಿಲ್ಲಿಸಿ ಹಿಡಿದಂತಾದಾಗ ಕೆಳಗಿನವನ ಭಾರವೆಲ್ಲ ಮಂಡಿಗೇ ಹೋಗುತ್ತದೆ.

ಬೇಕೆಂದು ಮಾಡುವವರು ಕಡಿಮೆ, ಹೆಚ್ಚಿನವು ಇಬ್ಬರ ನಡುವೆ ಹೊಂದಾಣಿಕೆ ತಪ್ಪಿ ಆಗುವಂಥವು. ಬಲಕ್ಕೆ ಸಾಗುವ ಓಟದ ಆಟದಲ್ಲಿ ಎಡ ಟ್ಯಾಕಲ್ ತನ್ನ ಒಳಗಿರುವ ರಕ್ಷಣೆಯವನನ್ನು ಕೆಳಗಿನಿಂದ ತಡೆಯಲು ಹೊರಡುತ್ತಾನೆ. ಅದೇ ಹೊತ್ತಿಗೆ ಎಡ ಗಾರ್ಡ್ ಲೈನ್‌ಬ್ಯಾಕರ್ ಕಡೆ ಹೋಗುವ ಮುನ್ನ ಆ ರಕ್ಷಣೆಯವನ ಹೆಗಲಿಗೆ ಒಂದು ಕೈ ಕೊಟ್ಟು ಹೋಗುತ್ತಾನೆ. ಆ ಒಂದು ಕೈ ಸಾಕು ಬಟ್ಟೆ ಬೀಳಲು. ಪರಿಹಾರ ಇದು: ಟ್ಯಾಕಲ್ ಕೆಳಗೆ ಹೋಗುವ ಆಟಗಳಿಗೆ ಗೆರೆಯಲ್ಲಿ ಒಂದು ಗೊತ್ತಾದ ಪದ ಕೂಗಬೇಕು, ಆ ಪದ ಕೇಳಿದ ಗಾರ್ಡ್ ಎದುರಾಳಿಯನ್ನು ಮುಟ್ಟದೆ ಮುಂದೆ ಹೋಗಬೇಕು. ಇಬ್ಬರೂ ಸೇರಿ ತಳ್ಳುವ ಆಟವಾದರೆ ಇಬ್ಬರೂ ಮೇಲೆಯೇ ಇರಬೇಕು.

ಐದನೆಯದು: ಬೆನ್ನು

ಇಲ್ಲಿ ಎರಡು ತಪ್ಪುಗಳಿವೆ, ಎರಡನ್ನೂ ಒಂದೇ ಎಂದುಕೊಂಡರೆ ದಂಡದ ಲೆಕ್ಕ ತಪ್ಪುತ್ತದೆ. ಸೊಂಟದಿಂದ ಮೇಲೆ, ಹೆಲ್ಮೆಟ್‌ನಿಂದ ಕೆಳಗೆ, ಎರಡು ಹೆಗಲ ನಡುವಿನ ಬೆನ್ನಿಗೆ ಮೊದಲ ಸ್ಪರ್ಶವಾದರೆ ಅದು ಬ್ಲಾಕ್ ಇನ್ ದ ಬ್ಯಾಕ್, 10 ಯಾರ್ಡ್. ಹಿಂದಿನಿಂದ ಸೊಂಟಕ್ಕೆ ಅಥವಾ ಅದರ ಕೆಳಗೆ ತಾಗಿದರೆ ಕ್ಲಿಪ್ಪಿಂಗ್, 15 ಯಾರ್ಡ್. ಕ್ಲಿಪ್ಪಿಂಗ್‌ಗೆ ಮೊದಲು ಆಯತದೊಳಗೆ ಅವಕಾಶವಿತ್ತು, 2016ರಿಂದ ಮೈದಾನದ ಎಲ್ಲಿಯೂ ಇಲ್ಲ.

ಬೆನ್ನಿನ ಮೇಲ್ಭಾಗಕ್ಕೆ ಆಯತದೊಳಗೆ ಈಗಲೂ ವಿನಾಯಿತಿ ಉಂಟು: ತಳ್ಳುವವನು ಸ್ನ್ಯಾಪ್ ವೇಳೆ ಗೆರೆಯ ಮೇಲೆ, ಆಯತದಲ್ಲಿದ್ದ ಆಕ್ರಮಣದ ಲೈನ್‌ಮನ್ ಆಗಿರಬೇಕು. ತಳ್ಳಿಸಿಕೊಳ್ಳುವವನು ಸ್ನ್ಯಾಪ್ ವೇಳೆ ಆಯತದಲ್ಲಿದ್ದರೆ ಸಾಕು, ಗೆರೆಯ ಮೇಲಿರಬೇಕಿಲ್ಲ. ತಾಗುವುದು ಒಳಗೆ, ಚೆಂಡೂ ಒಳಗೆ. ಕೆಳಗಿನ ಬ್ಲಾಕ್‌ಗಿಂತ ಇಲ್ಲಿ ಷರತ್ತು ಸಡಿಲ, ಏಕೆಂದರೆ ಗುಂಪಿನಲ್ಲಿ ರಕ್ಷಣೆಯವನೇ ತಿರುಗಿ ಬೆನ್ನು ಕೊಡುವುದು ಸಾಮಾನ್ಯ.

ಆಯತದ ಹೊರಗೆ, ಮುಖ್ಯವಾಗಿ ಪಂಟ್ ಮತ್ತು ಕಿಕ್‌ಆಫ್ ಮರಳಿಸುವಾಗ, ಬೆನ್ನಿಗೆ ತಳ್ಳುವ ತಪ್ಪು ಬಹಳ. ಹುಡುಗ ತಡವಾಗಿ ಬರುತ್ತಾನೆ, ಎದುರಾಳಿ ಅವನನ್ನು ದಾಟಿರುತ್ತಾನೆ, ಕೈ ಚಾಚಿ ಬೆನ್ನಿಗೆ ಒಂದು ತಳ್ಳು. ಅವರಿಗೆ ಕಲಿಸಬೇಕಾದ ಸೂತ್ರ ಚಿಕ್ಕದು: ಜೆರ್ಸಿಯ ಬೆನ್ನ ಮೇಲಿನ ಸಂಖ್ಯೆ ಪೂರ್ತಿ ಕಾಣುತ್ತಿದ್ದರೆ ಕೈ ಮೇಲೆತ್ತಿ ಬಿಟ್ಟುಬಿಡು, ಮುಂದಿನವನನ್ನು ಹುಡುಕು.

ಆರನೆಯದು: ಕೈ ಎಲ್ಲಿರಬೇಕು

ಅಂಗೈ ತೆರೆದು, ಎದುರಾಳಿಯ ಹೆಗಲಿನಿಂದ ಕೆಳಗಿನ ಮುಂಭಾಗದ ಚೌಕಟ್ಟಿನೊಳಗೆ ಇಡಬೇಕು. ಕೈ ಮೊಣಕೈಗಿಂತ ಮುಂದಿರಬೇಕು. ಮುಷ್ಟಿ ಕಟ್ಟಬಹುದು, ಆದರೆ ಆಗ ಅಂಗೈ ಎದುರಾಳಿಯ ಕಡೆ ತಿರುಗಿರಬಾರದು. ಮುಂದೋಳಿನಿಂದ ತಡೆಯುವುದಾದರೆ ಅದನ್ನು ದೇಹದಿಂದ 45 ಡಿಗ್ರಿಗಿಂತ ಹೆಚ್ಚು ಚಾಚುವಂತಿಲ್ಲ, ಹೆಗಲಿಗಿಂತ ವೇಗವಾಗಿ ಬೀಸುವಂತಿಲ್ಲ.

ಹಿಡಿಯುವುದು, ಕೊಕ್ಕೆ ಹಾಕುವುದು, ಸುತ್ತಿ ಬಿಗಿಯುವುದು ಹೋಲ್ಡಿಂಗ್, 10 ಯಾರ್ಡ್. ಎದೆಯ ಬಳಿ ಜೆರ್ಸಿ ಸ್ವಲ್ಪ ಮುಷ್ಟಿಯಲ್ಲಿದ್ದ ಮಾತ್ರಕ್ಕೆ ಎಲ್ಲ ರೆಫರಿಗಳೂ ಬಟ್ಟೆ ಎಸೆಯುವುದಿಲ್ಲ. ಅವರು ನೋಡುವುದು ಎದುರಾಳಿ ಹೊರಟ ದಿಕ್ಕಿಗೆ ಹೋಗಲಾರದೆ ನಿಂತನೇ ಎಂದು. ಅವನ ಹೆಗಲು ತಿರುಚಿತು, ಜೆರ್ಸಿ ಪಕ್ಕಕ್ಕೆ ಎಳೆದು ನಿಂತಿತು, ಬ್ಲಾಕರ್‌ನ ತೋಳು ಅವನ ಹೊರಗಿನ ಹೆಗಲನ್ನು ಸುತ್ತಿತು ಎಂದರೆ ಬಟ್ಟೆ ಬಂತೆಂದೇ ತಿಳಿಯಿರಿ. ಕಾರಣ ಸಾಮಾನ್ಯವಾಗಿ ಕೈಯಲ್ಲಿಲ್ಲ, ಕಾಲಿನಲ್ಲಿದೆ. ಕಾಲು ನಿಂತುಹೋದಾಗ ಕೈ ಹಿಡಿಯುತ್ತದೆ. ಹೆಬ್ಬೆರಳು ಮೇಲ್ಮುಖ, ಮೊಣಕೈ ಪಕ್ಕೆಗೆ ಹತ್ತಿರ, ಕಾಲು ಚಿಕ್ಕ ಹೆಜ್ಜೆಯಲ್ಲಿ ಓಡುತ್ತಲೇ ಇರಲಿ. ಎದುರಾಳಿ ನಿಮ್ಮ ಹೆಗಲು ದಾಟಿದ ಮೇಲೆ ಕೈ ಬಿಡಲೇಬೇಕು. ಓಟದ ಆಟದಲ್ಲಿ ಗೆರೆಯ ಹಿಂದೆ ಆದ ಹೋಲ್ಡಿಂಗ್‌ನ ದಂಡವನ್ನು ಹಿಂದೆ ತಪ್ಪು ನಡೆದ ಜಾಗದಿಂದ ಎಣಿಸುತ್ತಿದ್ದರು. 6 ಯಾರ್ಡ್ ಹಿಂದೆ ಹಿಡಿದರೆ ಒಟ್ಟು 16 ಯಾರ್ಡ್ ಹೋಗುತ್ತಿತ್ತು. 2023ರಿಂದ ಸ್ನ್ಯಾಪ್ ಆದ ಜಾಗದಿಂದಲೇ 10.

ಏಳನೆಯದು: ಕಾಣದ ಕಡೆಯಿಂದ ಬರುವುದು, ತಲೆಯಿಂದ ಬರುವುದು

2017ರಲ್ಲಿ ಬ್ಲೈಂಡ್‌ಸೈಡ್ ಬ್ಲಾಕ್ ಪುಸ್ತಕಕ್ಕೆ ಬಂತು. ಬರುತ್ತಿರುವವನನ್ನು ನೋಡದ ಎದುರಾಳಿಗೆ, ಆಯತದ ಹೊರಗೆ, ಜೋರಾಗಿ ಹೆಗಲಿನಿಂದ ಗುದ್ದಿದರೆ 15 ಯಾರ್ಡ್. ತೆರೆದ ಅಂಗೈ ಮೊದಲು ತಾಗಿದರೆ ಸರಿ. ಹೊರಗೆ ನಿಂತ ರಿಸೀವರ್ ಒಳಮುಖವಾಗಿ ಓಡಿ ಲೈನ್‌ಬ್ಯಾಕರ್‌ನನ್ನು ತಡೆಯುವಾಗ, ಪಂಟ್ ಮರಳಿಸುವಾಗ ತನ್ನದೇ ಗೋಲ್ ಕಡೆ ತಿರುಗಿ ಬರುವ ಹುಡುಗ ಬ್ಲಾಕ್ ಮಾಡುವಾಗ, ಹೆಚ್ಚಾಗಿ ಈ ಎರಡು ಕಡೆ ಇದು ನಡೆಯುತ್ತದೆ. ಎದುರಾಳಿಯ ಕಣ್ಣು ಚೆಂಡಿನ ಮೇಲಿರುತ್ತದೆ. ಕತ್ತಿನ ಸ್ನಾಯು ಸಿದ್ಧವಿಲ್ಲದಾಗ ಬಿದ್ದ ಪೆಟ್ಟು ತಲೆಯನ್ನು ಬಲವಾಗಿ ಅಲುಗಿಸುತ್ತದೆ. ಹುಡುಗರಿಗೆ ಹೇಳಿ: ಎರಡು ಹೆಜ್ಜೆ ಮೊದಲೇ ವೇಗ ತಗ್ಗಿಸಿ, ಕಾಲು ಅಗಲಿಸಿ ನಿಂತು, ಅಂಗೈ ತೆರೆದು ದಾರಿಗೆ ಅಡ್ಡವಾಗು. ಗುದ್ದದಿದ್ದರೂ ಎದುರಾಳಿ ಸುತ್ತಿ ಹೋಗಬೇಕಾಗುತ್ತದೆ, ಓಟಗಾರನಿಗೆ ಬೇಕಾದದ್ದು ಅಷ್ಟೇ.

ಹೆಲ್ಮೆಟ್‌ನಿಂದ ಬ್ಲಾಕ್ ಮಾಡುವುದನ್ನು 1976ರಿಂದಲೇ ನಿಷೇಧಿಸಲಾಗಿದೆ. ಫೇಸ್‌ಮಾಸ್ಕ್, ಹಣೆಯ ಭಾಗ ಅಥವಾ ನೆತ್ತಿಯನ್ನು ನೇರವಾಗಿ ಎದುರಾಳಿಗೆ ಚುಚ್ಚಿದರೆ ಬಟ್ ಬ್ಲಾಕ್, 15 ಯಾರ್ಡ್. ತಲೆ ಬಗ್ಗಿಸಿದಾಗ ಕತ್ತಿನ ಮೂಳೆಗಳ ಸಹಜ ಬಾಗು ನೆಟ್ಟಗಾಗಿ, ಪೆಟ್ಟೆಲ್ಲ ಬೆನ್ನುಹುರಿಯ ಸಾಲಿಗೆ ಹೋಗುತ್ತದೆ. ಇದರಲ್ಲಿ ಹೊಡೆದವನೇ ಪಾರ್ಶ್ವವಾಯುವಿಗೆ ತುತ್ತಾಗಬಹುದು. ಬೇರೆ ಯಾವ ನಿಯಮದಲ್ಲಿ ರಾಜಿ ಮಾಡಿಕೊಂಡರೂ ಇದರಲ್ಲಿ ಬೇಡ.

ಕಿಕ್ ಆಟಗಳಲ್ಲಿ ನೆನಪಿಡಬೇಕಾದ್ದು

ಕಿಕ್‌ಆಫ್‌ನಲ್ಲಿ ಸೊಂಟದ ಕೆಳಗಿನ ಬ್ಲಾಕ್ ಯಾರಿಗೂ ಇಲ್ಲ. ಒದ್ದ ತಂಡವೇ ಚೆಂಡನ್ನು ಮರಳಿ ಪಡೆಯಲೆಂದು ಚಿಕ್ಕದಾಗಿ ಒದೆಯುವ ಆನ್‌ಸೈಡ್ ಕಿಕ್‌ನಲ್ಲಿ ಆ ತಂಡದವರು, ಚೆಂಡು 10 ಯಾರ್ಡ್ ದಾಟುವ ಅಥವಾ ಎದುರಾಳಿಯನ್ನು ಮುಟ್ಟುವ ಮೊದಲೇ ಬ್ಲಾಕ್ ಶುರುಮಾಡುವಂತಿಲ್ಲ. ಫೇರ್ ಕ್ಯಾಚ್‌ಗೆ, ಅಂದರೆ ಎದುರಾಳಿ ಅಡ್ಡಬರದೆ ಚೆಂಡು ಹಿಡಿಯಲು, ಕೈ ಬೀಸಿದ ಹುಡುಗ ಕಿಕ್ ಮುಗಿಯುವವರೆಗೆ ಯಾರನ್ನೂ ಬ್ಲಾಕ್ ಮಾಡುವಂತಿಲ್ಲ. ಕೈ ಬೀಸಿ, ಚೆಂಡು ಇನ್ನೊಬ್ಬನಿಗೆ ಬಿಟ್ಟು, ತಾನು ಅಡ್ಡ ಹೋಗುವವರು ಇದನ್ನು ಮರೆಯುತ್ತಾರೆ, 15 ಯಾರ್ಡ್ ತೆರುತ್ತಾರೆ.

ವಿಡಿಯೊ ನೋಡಿ ಪರೀಕ್ಷಿಸುವ ಕ್ರಮ

ಆಟದ ಮರುದಿನ ದಂಡ ಸರಿಯೋ ತಪ್ಪೋ ನೋಡಬೇಕಿದ್ದರೆ ಬ್ಲಾಕ್ ನಡೆದ ಕ್ಷಣದಿಂದ ಶುರುಮಾಡಬೇಡಿ. ಸ್ನ್ಯಾಪ್‌ನ ಚಿತ್ರದಲ್ಲಿ ನಿಲ್ಲಿಸಿ, ಇಬ್ಬರೂ ಎಲ್ಲಿದ್ದರೆಂದು ಗುರುತಿಸಿಕೊಳ್ಳಿ: ಗೆರೆಯ ಮೇಲೋ, ಆಯತದೊಳಗೋ. ಬಳಿಕ ಮೊದಲ ಸ್ಪರ್ಶದ ಚಿತ್ರಕ್ಕೆ ಬನ್ನಿ. ತಾಗಿದ್ದು ಸೊಂಟಕ್ಕೆ ಮೇಲೋ ಕೆಳಗೋ, ಮುಂದಿನಿಂದಲೋ ಹಿಂದಿನಿಂದಲೋ, ಚೆಂಡು ಆಗ ಎಲ್ಲಿ, ಬ್ಲಾಕರ್ ಅದಕ್ಕೂ ಮೊದಲು ಬೇರೇನಾದರೂ ಮಾಡಿದ್ದನೇ, ಜೊತೆಯಾಟಗಾರನ ಕೈ ಅದೇ ಎದುರಾಳಿಯ ಮೇಲಿತ್ತೇ. ಗ್ಯಾಲರಿಯ ಪಕ್ಕದಿಂದ ತೆಗೆದ ವಿಡಿಯೊದಲ್ಲಿ ಲೈನ್‌ನ ಒಳಗಿನದು ಸರಿಯಾಗಿ ಕಾಣದು, ಮೈದಾನದ ತುದಿಯ ಎಂಡ್ ಝೋನ್ ಕಡೆಯಿಂದ ತೆಗೆದದ್ದು ಬೇಕು. ಐದು ಜನ ಅಧಿಕಾರಿಗಳಿರುವ ಆಟದಲ್ಲಿ ಅಂಪೈರ್ ರಕ್ಷಣಾ ತಂಡದ ಹಿಂದೆ ನಿಂತು ಲೈನನ್ನು ಎದುರಿನಿಂದ ನೋಡುತ್ತಿರುತ್ತಾನೆ. ಅವನು ಕಂಡದ್ದು ಗ್ಯಾಲರಿಗೆ ಕಾಣದಿರುವುದು ಸಹಜ.

ರೆಫರಿಯ ಸನ್ನೆ ಓದಲು ಕಲಿತರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ. ಒಂದು ಕೈಯ ಮಣಿಕಟ್ಟನ್ನು ಇನ್ನೊಂದರಿಂದ ಹಿಡಿದು ತೋರಿಸಿದರೆ ಹೋಲ್ಡಿಂಗ್. ಎರಡೂ ಕೈಯನ್ನು ತೊಡೆಯ ಮುಂಭಾಗಕ್ಕೆ ಬಡಿದರೆ ಸೊಂಟದ ಕೆಳಗಿನ ಬ್ಲಾಕ್. ಒಂದು ಕೈಯಿಂದ ಕಾಲಿನ ಹಿಂಭಾಗಕ್ಕೆ ಬಡಿದರೆ ಕ್ಲಿಪ್ಪಿಂಗ್.

ಆಟದ ನಡುವೆ ತರಬೇತುದಾರ ಪ್ರಶ್ನಿಸಲು ಒಂದು ದಾರಿ ಇದೆ. ಟೈಮ್‌ಔಟ್ ಕೇಳಿ, ನಿಯಮವನ್ನು ತಪ್ಪಾಗಿ ಅನ್ವಯಿಸಲಾಗಿದೆ ಎಂದು ರೆಫರಿಯ ಜೊತೆ ಮಾತಾಡಬಹುದು. ರೆಫರಿ ತೀರ್ಪು ಬದಲಿಸದಿದ್ದರೆ ಆ ಟೈಮ್‌ಔಟ್ ಖರ್ಚಾದಂತೆ. ‘ನನ್ನ ಹುಡುಗ ಹಿಡಿಯಲಿಲ್ಲ’ ಎಂಬುದು ಅಲ್ಲಿ ನಡೆಯದು, ಅದು ಕಣ್ಣಿನ ತೀರ್ಮಾನ. ‘ಅವರಿಬ್ಬರೂ ಸ್ನ್ಯಾಪ್ ವೇಳೆ ಗೆರೆಯ ಮೇಲೆ, ಝೋನ್ ಒಳಗಿದ್ದರು, ಬ್ಲಾಕ್ ಕೂಡಲೇ ಆಯಿತು, ಚೆಂಡು ಒಳಗಿತ್ತು ಎಂದು ನೀವೇ ಒಪ್ಪುತ್ತೀರಿ, ಹಾಗಿದ್ದರೆ ಯಾವ ಷರತ್ತು ಮುರಿಯಿತು’ ಎಂದು ಕೇಳಬಹುದು.